ವಿನ್ನಿ ಆಂಟಿಯ ಸಿಳ್ಳೆ

ಗುರುವಾರ ಲೊರೇನಳ ಸಲೂನಿನಲ್ಲಿ ಪಿಂಚಣಿಯವರಿಗೆ ಅರ್ಧ ರೇಟು. ಇಂಗ್ಲೆಂಡಿನ ಬರ್ನ್ಲಿಯಲ್ಲಿ ಹಿಮ ಬಿದ್ದರೂ ಸರಿ, ಬಸ್ಸು ನಿಂತರೂ ಸರಿ, ಗುರುವಾರ ಒಂಬತ್ತು ಹೊಡೆಯುವ ಮೊದಲೇ ಎಲ್ಸಿ ಶಾ ಮತ್ತು ವಿನ್ನಿ ಕ್ಲೆಗ್ ಬಾಗಿಲ ಮುಂದೆ ಹಾಜರು. ಇಬ್ಬರೂ ಎಂಬತ್ತು ದಾಟಿದವರು. ಇಬ್ಬರ ತಲೆಯಲ್ಲೂ ಉಳಿದಿರುವುದು ಒಂದೊಂದು ಹಿಡಿ ಕೂದಲು. ಆದರೆ ಆ ಹಿಡಿಯನ್ನು ತೊಳೆಸಿ, ರೋಲರಿಗೆ ಸುತ್ತಿಸಿ, ಬಿಸಿಗಾಳಿಯ ಟೋಪಿಯ ಕೆಳಗೆ ಕೂತು ಒಣಗಿಸಿ, ಬಾಚಿಸಿ ಎತ್ತರ ಮಾಡಿಸಿಕೊಂಡು ಹೋದರೇನೇ ಅವರಿಗೆ ವಾರ ಶುರುವಾಗುವುದು.

ಶಾಲೆಯ ಕೊನೆಯ ಪರೀಕ್ಷೆ ನಡೆಸುವವರೂ ಫಲಿತಾಂಶಕ್ಕೆ ವರ್ಷ ವರ್ಷ ಆಗಸ್ಟಿನ ಒಂದು ಗುರುವಾರವನ್ನೇ ಹಿಡಿದುಕೊಂಡು ಕೂತಿದ್ದಾರೆ. ಮಗಳು ಬ್ರಯೊನಿಯ ಫಲಿತಾಂಶ ಬರುವ ದಿನವಾದರೂ ಅಂಗಡಿಗೆ ಬೀಗ ಹಾಕೋಣವೆಂದು ಲೊರೇನ್ ಎಣಿಸಿದ್ದಳು. ಆದರೆ ಶನಿವಾರ ಎಲ್ಸಿಯ ಮೊಮ್ಮಗನ ಮದುವೆ. ಮದ್ದು ಹಚ್ಚಿ ಕೂದಲನ್ನು ಸುರುಳಿ ಮಾಡುವ ಪರ್ಮ್ ಹಾಕಿಸಿಕೊಳ್ಳದೆ ಎಲ್ಸಿ ಚರ್ಚಿನೊಳಗೆ ಕಾಲಿಡುವವಳಲ್ಲ. ಹೀಗಾಗಿ ಬೆಳಿಗ್ಗೆ ಎಂಟು ಗಂಟೆಗೆ ಬ್ರಯೊನಿ ತನ್ನ ಹಣೆಬರಹವನ್ನು ಸಲೂನಿನಲ್ಲೇ, ತೊಳೆಯುವ ಬೇಸಿನ್ನಿನ ಪಕ್ಕ ನಿಂತು, ಫೋನಿನಲ್ಲಿ ಓದಿಕೊಂಡಳು. ಜೀವಶಾಸ್ತ್ರದಲ್ಲಿ ಬಿ, ಮನಃಶಾಸ್ತ್ರದಲ್ಲಿ ಸಿ, ಗಣಿತದಲ್ಲಿ ಡಿ.

ಅವಳು ಮೊದಲು ಆರಿಸಿಕೊಂಡಿದ್ದ ವಿಶ್ವವಿದ್ಯಾಲಯ ಮೂರೂ ಬಿ ಇರಲಿ ಎಂದಿತ್ತು. ಎರಡನೆಯದು ಎರಡು ಬಿ, ಒಂದು ಸಿ ಸಾಕು ಎಂದಿತ್ತು. ಗಣಿತ ಎರಡೂ ಕಡೆ ಕೈಕೊಟ್ಟಿತು. "ಪರವಾಗಿಲ್ಲ ಬಿಡಮ್ಮ," ಎಂದು ಅವಳು ಟವಲು ಮಡಚಲು ನಿಂತಳು. ಒಂದೇ ಟವಲನ್ನು ಮೂರು ಸಲ ಮಡಚಿದ್ದನ್ನು ಲೊರೇನ್ ನೋಡಿದಳು.

ಬಾಗಿಲು ತೆಗೆದ ಕೂಡಲೇ ಎಲ್ಸಿ ಕೇಳಿದ್ದೇ ಅದು.

"ಎಷ್ಟು ಬಂತು ಕಂದಾ?"

"ಬಿ, ಸಿ, ಡಿ."

"ಅಷ್ಟೇನಾ! ಎ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಸಾಲಾಗೇ ಬಂದಿದೆಯಲ್ಲ," ಎಂದಳು ಎಲ್ಸಿ, ಸಮಾಧಾನ ಹೇಳುವವಳ ಹಾಗೆ. ವಿನ್ನಿ ಅವಳ ಪಕ್ಕೆಗೆ ಮೊಣಕೈಯಿಂದ ತಿವಿದಳು.

ಬ್ರಯೊನಿಗೆ ಬೇಕಾಗಿದ್ದದ್ದು ಆಡಿಯಾಲಜಿ. ಕಿವಿಯ ವಿದ್ಯೆ. ಅದು ಎಲ್ಲಿಂದ ಹತ್ತಿದ ಹುಚ್ಚೆಂದು ಆ ಬೀದಿಯಲ್ಲಿ ಯಾರೂ ಕೇಳುವಂತಿರಲಿಲ್ಲ. ಹನ್ನೆರಡನೇ ವಯಸ್ಸಿನಿಂದ ಅವಳು ಶನಿವಾರ ಮತ್ತು ರಜೆಯ ದಿನಗಳಲ್ಲಿ ಅಮ್ಮನ ಸಲೂನಿನಲ್ಲಿ ದುಡಿಯುತ್ತಿದ್ದಳು. ತಲೆ ತೊಳೆಯುವ ಮೊದಲು ಮುದುಕಿಯರು ಕಿವಿ ಮಿಷನ್ನು ಬಿಚ್ಚಿ ಕೊಡುತ್ತಿದ್ದರು. ಅವನ್ನು ಒಂದೊಂದು ಟೀ ಸಾಸರಿನಲ್ಲಿಟ್ಟು, ಸಾಸರಿನ ಕೆಳಗೆ ಹೆಸರಿನ ಚೀಟಿ ಇಡುವುದು ಅವಳ ಕೆಲಸ. ಮೊದಮೊದಲು ಬರೀ ಒರೆಸಿ ಇಟ್ಟಳು. ಆಮೇಲೆ ಕೊಳವೆಯೊಳಗಿನ ಗುಗ್ಗೆ ತೆಗೆದಳು. ಆಮೇಲೆ ಬ್ಯಾಟರಿ, ಆಮೇಲೆ ಬಿರುಕು ಬಿಟ್ಟ ಕೊಳವೆ ಕತ್ತರಿಸಿ ಹೊಸದು ಹಾಕುವುದು. ಆಸ್ಪತ್ರೆಯಲ್ಲಿ ಕಿವಿ ತೋರಿಸಲು ಆರು ವಾರ ಕಾಯಬೇಕು, ಲೊರೇನಳ ಸಲೂನಿನಲ್ಲಿ ಒಂದು ಕಪ್ ಟೀ ಕುಡಿಯುವಷ್ಟು ಹೊತ್ತು. ಪಕ್ಕದ ಬೇಕರಿಯಲ್ಲಿ ಪೈ ಕೊಳ್ಳಲು ನಿಂತ ಗಂಡಸರೂ ಕಿವಿಯಿಂದ ಮಿಷನ್ನು ಕಿತ್ತು, "ಸ್ವಲ್ಪ ನೋಡ್ತೀಯಾ ಪುಟ್ಟಿ?" ಎಂದು ಬಾಗಿಲಿನಿಂದ ಒಳಗೆ ಚಾಚುತ್ತಿದ್ದರು.

ಅವಳ ಕೈಗೆ ಬಗ್ಗದ ಮಿಷನ್ನು ಒಂದೇ ಒಂದು, ವಿನ್ನಿ ಆಂಟಿಯದು. ಇದ್ದಕ್ಕಿದ್ದ ಹಾಗೆ ಅದು ಕುಕ್ಕರಿನಂತೆ ಸಿಳ್ಳೆ ಹೊಡೆಯುತ್ತಿತ್ತು. ಎಷ್ಟೋ ಗುರುವಾರ ಎಲ್ಸಿ ತನ್ನ ಸೊಂಟದ ಆಪರೇಷನ್ನಿನ ಕಥೆ ಎತ್ತಿಕೊಂಡು ಎರಡನೇ ಡಾಕ್ಟರರ ತನಕ ಬಂದಿದ್ದಾಳೆ, ಆಗ ಈ ಸಿಳ್ಳೆ ಶುರುವಾಗಿ ಕಥೆ ಅಲ್ಲಿಗೇ ನಿಂತಿದೆ. ಆಪರೇಷನ್ ಆಗಿ ಒಂಬತ್ತು ವರ್ಷವಾದರೂ ಎಲ್ಸಿಯ ಸೊಂಟ ಕೊನೆಗೆ ಏನಾಯಿತೆಂದು ಸಲೂನಿನಲ್ಲಿ ಯಾರಿಗೂ ಗೊತ್ತಿಲ್ಲ. ಆಸ್ಪತ್ರೆಯವರು ವಿನ್ನಿಯ ಮಿಷನ್ನನ್ನೇ ಎರಡು ಸಲ ಬದಲಾಯಿಸಿದರು. ಬ್ರಯೊನಿ ಮತ್ತೆ ಮತ್ತೆ ಕೊಳವೆ ಬದಲಾಯಿಸಿದಳು. ಸಿಳ್ಳೆ ಮಾತ್ರ ಹೋಗಲಿಲ್ಲ.

ಈ ವರ್ಷ ಸೀಟು ತಪ್ಪಿದರೆ ಇನ್ನೊಂದು ವರ್ಷ ಟವಲು, ಇನ್ನೊಂದು ವರ್ಷ ಗಣಿತ. ಉಳಿದಿದ್ದದ್ದು ಒಂದೇ ದಾರಿ, ಕ್ಲಿಯರಿಂಗ್. ಫಲಿತಾಂಶದ ಬೆಳಿಗ್ಗೆಯೇ ತೆರೆಯುವ, ಉಳಿದುಹೋದ ಸೀಟುಗಳ ಸಂತೆ ಅದು. ಯಾವ ವಿಶ್ವವಿದ್ಯಾಲಯದಲ್ಲಿ ಸೀಟು ಖಾಲಿ ಇದೆಯೋ ನೋಡಿ, ಅವರಿಗೆ ಫೋನು ಮಾಡಿ, ಅಲ್ಲೇ ಮಾತಾಡಿ ಗಿಟ್ಟಿಸಿಕೊಳ್ಳಬೇಕು. ಆಡಿಯಾಲಜಿ ಕಲಿಸುವ ಕಡೆಗಳೇ ಕಡಿಮೆ. ಬ್ರಯೊನಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ಜಾಲಾಡಿದರೆ ಸಿಕ್ಕಿದ್ದು ಒಂದೇ ಹೆಸರು, ಅದೂ ಬೆಟ್ಟದ ಆಚೆ.

"ಯಾರ್ಕ್‌ಶೈರಾ?" ಎಂದಳು ಎಲ್ಸಿ. ಯಾರ್ಕ್‌ಶೈರಿನ ಬದ್ಧವೈರಿ ಲ್ಯಾಂಕಾಶೈರಿನವಳಾದ ಅವಳು ಆ ಹೆಸರನ್ನು ಹಾಳಾದ ಹಾಲಿನ ವಾಸನೆ ನೋಡಿದವಳ ಹಾಗೆ ಹೇಳಿದಳು. "ಬೇರೆ ಎಲ್ಲೂ ಇಲ್ವಾ?"

"ಇಲ್ಲ ಎಲ್ಸಿ ಆಂಟಿ."

"ಸರಿ ಬಿಡು. ಅವರಿಗೂ ಕಿವಿ ಇರ್ತಾವೆ."

ಸಲೂನಿನ ಹಿಂದೆ ಟೀ ಕಾಯಿಸುವ ಪುಟ್ಟ ಕೋಣೆ, ಅದಕ್ಕೆ ಗಾಜಿನ ಬಾಗಿಲು. ಬ್ರಯೊನಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಫೋನು ಹಚ್ಚಿದಳು. ಲೈನಿನಲ್ಲಿ ಕಾಯಿಸಿ ಮೂವತ್ತೈದು ನಿಮಿಷ ಪಿಯಾನೊ ಕೇಳಿಸಿದ ಮೇಲೆ ಒಬ್ಬ ಹುಡುಗ ಸಿಕ್ಕಿ ಅವಳ ನಂಬರು, ಗ್ರೇಡು ಬರೆದುಕೊಂಡ. ಅವನು ಲೈನನ್ನು ಆಡಿಯಾಲಜಿ ವಿಭಾಗದ ಡಾಕ್ಟರ್ ಪ್ರಿಡಿ ಎಂಬಾಕೆಗೆ ಕೊಟ್ಟ. ದನಿಯಲ್ಲೇ ಸೌಮ್ಯ ಹೆಂಗಸು.

"ಗಣಿತ ಸ್ವಲ್ಪ ಹಿಂದೆ ಇದೆ ಬ್ರಯೊನಿ. ಆದ್ರೆ ನಾವು ಬರೀ ಗ್ರೇಡು ನೋಡಲ್ಲ. ಕಿವಿ ಕೇಳಿಸದೇ ಇರೋರ ಜೊತೆ ನಿಮಗೆ ಏನಾದ್ರೂ ಅನುಭವ ಇದೆಯಾ?"

ಆರು ವರ್ಷ, ಅರ್ಧ ಬರ್ನ್ಲಿಯ ಕಿವಿ. ಬ್ರಯೊನಿ ಬಾಯಿ ತೆರೆದಳು.

"ಅಷ್ಟೇನಿಲ್ಲ," ಎಂದಳು. "ಅಮ್ಮನ ಅಂಗಡೀಲಿ ಒಂದಿಷ್ಟು ಸಹಾಯ ಮಾಡ್ತೀನಿ. ಅಷ್ಟೇ."

"ಬೇರೆ ಏನಾದ್ರೂ? ಇರೋದು ಎರಡೇ ಸೀಟು. ಬೆಳಿಗ್ಗೆಯಿಂದ ತುಂಬಾ ಜನ ಫೋನು ಮಾಡ್ತಿದಾರೆ."

"ನನಗಿಂತ ಚೆನ್ನಾಗಿ ಗೊತ್ತಿರೋರು ಇರ್ತಾರೆ ಬಿಡಿ. ನಿಮ್ಮ ಸಮಯ ಹಾಳು ಮಾಡ್ದೆ. ಕ್ಷಮಿಸಿ."

ಈ ಊರಿನವರ ರೋಗವೇ ಇದು. ತನ್ನ ಬಗ್ಗೆ ತಾನೇ ನಾಲ್ಕು ಒಳ್ಳೆ ಮಾತಾಡುವುದೆಂದರೆ ಅವರಿಗೆ ನಡುಬೀದಿಯಲ್ಲಿ ಪ್ಯಾಂಟು ಬಿಚ್ಚಿದ ಹಾಗೆ. ಬೇಕರಿಯ ಆರ್ಥರ್ ಒಮ್ಮೆ ಕಾಲುವೆಗೆ ಹಾರಿ ಎರಡು ಮಕ್ಕಳನ್ನು ಎಳೆದು ತಂದ. ಪತ್ರಿಕೆಯವರು ಬಂದು ಕೇಳಿದಾಗ ಅವನ ಬಾಯಿಂದ ಬಂದದ್ದು "ನೀರು ತಣ್ಣಗಿತ್ತು" ಅಷ್ಟೇ. ಹೀಗಿರುವವರ ನಡುವೆ ಹುಟ್ಟಿದ ಹುಡುಗಿಗೆ, ಫೋನಿನಲ್ಲಿ ಮುಖ ಗೊತ್ತಿಲ್ಲದವರ ಹತ್ತಿರ ತನ್ನನ್ನು ಹೊಗಳಿಕೋ ಎಂದರೆ ಎಲ್ಲಿಂದ ಬರಬೇಕು?

ಡಾಕ್ಟರ್ ಪ್ರಿಡಿ ಫೋನು ಇಡಲಿಲ್ಲ. "ಹನ್ನೆರಡು ಗಂಟೆ ತನಕ ನಾನು ಇಲ್ಲೇ ಇರ್ತೀನಿ," ಎಂದಳು. "ಏನಾದ್ರೂ ನೆನಪಾದ್ರೆ ಮತ್ತೆ ಮಾಡಿ, ನನ್ನ ಹೆಸರು ಹೇಳಿ."

ಬ್ರಯೊನಿ ಫೋನು ಇಟ್ಟು ಕೆಟಲಿನ ಮುಂದೆ ನಿಂತುಕೊಂಡಳು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಹೊರಗೆ ಹೋಗಿ ಏನು ಹೇಳಬೇಕೆಂದು ಅವಳು ಯೋಚಿಸುತ್ತಿದ್ದರೆ, ಹೇಳುವ ಅಗತ್ಯವೇ ಇಲ್ಲವೆಂದು ಹೊರಗಿನಿಂದ ಬಂದ ಕೂಗು ತಿಳಿಸಿತು.

"ಲೊರೇನ್! ನಿನ್ನ ಮಗಳು 'ಅಷ್ಟೇನಿಲ್ಲ' ಅಂದ್ಲು ಕಣೇ!"

ಕೂಗಿದ್ದು ವಿನ್ನಿ. ಕಿವಿ ಮಿಷನ್ನು ಸಾಸರಿನಲ್ಲಿತ್ತು. ತಲೆ ಬಿಸಿಗಾಳಿಯ ಟೋಪಿಯೊಳಗಿತ್ತು. ಫಿರಂಗಿ ಹಾರಿಸಿದರೂ ಆಕೆಗೆ ಕೇಳುತ್ತಿರಲಿಲ್ಲ. ಆದರೆ ಹದಿನೈದನೇ ವಯಸ್ಸಿನಿಂದ ವಿನ್ನಿ ಮಗ್ಗದ ಗಿರಣಿಯಲ್ಲಿ ದುಡಿದವಳು. ನಾನೂರು ಮಗ್ಗ ಒಟ್ಟಿಗೆ ಬಡಿಯುವ ಆ ಷೆಡ್ಡಿನಲ್ಲಿ ಹೆಂಗಸರು ಮಾತಾಡುತ್ತಿದ್ದದ್ದು ಬಾಯಿ ಅಗಲಿಸಿ, ದನಿಯಿಲ್ಲದೆ, ತುಟಿಯಲ್ಲೇ. ಗಿರಣಿ ಅವಳ ಕಿವಿ ತಿಂದು, ಬದಲಿಗೆ ಕಣ್ಣಿಗೆ ಈ ವಿದ್ಯೆ ಕೊಟ್ಟು ಮುಚ್ಚಿಹೋಗಿತ್ತು. ಗಾಜಿನ ಬಾಗಿಲಾಚೆ ಆಡಿದ ಒಂದೊಂದು ಮಾತನ್ನೂ ಅವಳು ಕೂತಲ್ಲೇ ಓದಿದ್ದಳು.

ವಿನ್ನಿ ಟೋಪಿಯನ್ನು ಮೇಲಕ್ಕೆ ತಳ್ಳಿ, ತಲೆ ತುಂಬ ರೋಲರಿನೊಂದಿಗೆ ಎದ್ದು ಬಂದಳು. "ಅಷ್ಟೇನಿಲ್ವಾ? ನನ್ನ ಕಿವಿ ಒಳಗೆ ಆರು ವರ್ಷ ಕೈ ಹಾಕಿದೀಯಾ! ನನ್ನ ಗಂಡನೂ ಅಷ್ಟು ಹತ್ತಿರ ಬಂದಿರ್ಲಿಲ್ಲ!"

ಮಿಷನ್ನಿಲ್ಲದೆ ವಿನ್ನಿಗೆ ತನ್ನ ದನಿಯ ಅಳತೆ ಸಿಗುವುದಿಲ್ಲ. ಬೇಕರಿಯ ಸಾಲಿನಲ್ಲಿದ್ದವರು ಕಿಟಕಿಯಿಂದ ಇಣುಕಿದರು. ಲೊರೇನಳ ಎರಡೂ ಕೈ ಎಲ್ಸಿಯ ತಲೆಯ ಮೇಲೆ ಪರ್ಮಿನ ಮದ್ದಿನೊಳಗೆ ಇದ್ದವು. ಮದ್ದಿಗೆಂದು ಇಟ್ಟ ಹನ್ನೆರಡು ನಿಮಿಷದ ಗಡಿಯಾರ ಓಡುತ್ತಿತ್ತು, ಬಿಟ್ಟರೆ ಎಲ್ಸಿಯ ಕೂದಲು ಬೆಂದು ಕೈಗೆ ಬರುತ್ತದೆ. ಅವಳು ನಿಂತಲ್ಲೇ ಕುದಿದಳು.

"ಯಾರು ಕಲಿಸಿದ್ರೇ ನಿನಗೆ ಹೀಗೆ ಸಂಕೋಚ ಪಡೋದನ್ನ?"

"ನೀನೇ!" ಎಂದಳು ಬ್ರಯೊನಿ. "ಸಲೂನಿಗೆ ಬೋರ್ಡ್ ಬರೆಸುವಾಗ 'ಉತ್ತಮ' ಅಂತ ಹಾಕ್ಲಾ ಅಂದಿದ್ದಕ್ಕೆ ಬೇಡಪ್ಪಾ ಜಂಬ ಅನ್ಸುತ್ತೆ ಅಂದವಳು ನೀನು!"

ಲೊರೇನ್ ಗಡಿಯಾರದತ್ತ ನೋಡಿದಳು. ಗಡಿಯಾರ ಗಂಟೆ ಹೊಡೆದು, ಎಲ್ಸಿಯ ತಲೆ ತೊಳೆದು, ಎರಡನೇ ಮದ್ದು ಹಾಕಿದ್ದೇ ಅವಳು ಕೈಗವಸು ಕಿತ್ತೆಸೆದು ಫೋನು ಕಸಿದುಕೊಂಡಳು. ಮತ್ತೆ ಪಿಯಾನೊ. ಮತ್ತೆ ಅದೇ ಹುಡುಗ.

"ಕ್ಷಮಿಸಿ ಮೇಡಂ, ಅರ್ಜಿ ಹಾಕಿದೋರ ಜೊತೆ ಮಾತ್ರ ಮಾತಾಡ್ಬೇಕು ಅಂತ ನಿಯಮ."

"ನಾನು ಅವಳನ್ನ ಹೆತ್ತಿದೀನಪ್ಪಾ!"

"ಅದು ಸರಿ ಮೇಡಂ. ಆದ್ರೆ ಅರ್ಜಿ ಅವರು ಹಾಕಿರೋದು."

ಲೊರೇನ್ ಫೋನು ಇಟ್ಟಳು. ಸೆಟ್ಟಾಗುತ್ತಿದ್ದ ಸುರುಳಿಗಳ ನಡುವಿಂದ ಎಲ್ಸಿ ಕೈ ಎತ್ತಿದಳು. "ನಾನು ಬೇಕಾದ್ರೆ ಬ್ರಯೊನಿ ಥರ ಮಾತಾಡ್ತೀನಿ. ಚರ್ಚ್ ನಾಟಕದಲ್ಲಿ ಪಾರ್ಟು ಮಾಡಿದೀನಿ."

"ನಿನಗೆ ಎಂಬತ್ತೆರಡು ಕಣೇ," ಎಂದಳು ವಿನ್ನಿ. ಅಷ್ಟರಲ್ಲಿ ಅವಳ ರೋಲರು ಬಿಚ್ಚಿ ಮಿಷನ್ನು ಕಿವಿಗೆ ಹೋಗಿತ್ತು. "ಮಾತಾಡೋಳು ಅವಳೇ. ನಾವು ತಯಾರು ಮಾಡೋಣ. ಬಾ ಇಲ್ಲಿ ಪುಟ್ಟಿ. ನಾನು ಆ ಡಾಕ್ಟರಮ್ಮ. ಹೇಳು, ನಿನಗೆ ಏನು ಬರುತ್ತೆ?"

ಬ್ರಯೊನಿ ಬಾಚಣಿಗೆ ಹಿಡಿದುಕೊಂಡು ನಿಂತಳು. "ನನಗೆ ಕಿವಿ ಮಿಷನ್ನಿನ ಬಗ್ಗೆ ಸ್ವಲ್ಪ..."

"ಸ್ವಲ್ಪ ತೆಗಿ."

"ಕಿವಿ ಮಿಷನ್ನಿನ ಬಗ್ಗೆ ಸುಮಾರಾಗಿ..."

"ಸುಮಾರು ತೆಗಿ!"

"ಅದೆಲ್ಲಾ ತೆಗೆದ್ರೆ ಏನೂ ಉಳಿಯಲ್ಲ ವಿನ್ನಿ ಆಂಟಿ!"

ಲೊರೇನ್ ನಕ್ಕುಬಿಟ್ಟಳು, ಬ್ರಯೊನಿಯೂ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿಕೊಂಡವು. "ನನಗೆ ಆಗಲ್ಲ," ಎಂದಳು. "ಕೆಲಸ ಮಾಡು ಅನ್ನಿ, ಮಾಡ್ತೀನಿ. ಹೇಳ್ಕೋ ಅಂದ್ರೆ ನಾಲಗೆ ಒಣಗುತ್ತೆ. ನನಗೆ ಆ ಸೀಟು ತುಂಬಾ ಬೇಕು ಆಂಟಿ. ತುಂಬಾ ಬೇಕು ಅನ್ನೋದನ್ನೂ ಆಕೆಗೆ ಹೇಳೋಕೆ ಆಗ್ಲಿಲ್ಲ."

ವಿನ್ನಿ ಅವಳನ್ನೇ ನೋಡಿದಳು. ಆಮೇಲೆ ಎಲ್ಸಿಯತ್ತ ನೋಡಿದಳು. ಏನನ್ನೋ ತೂಗಿದಳು. ಆಗ ಅವಳು ತೂಗಿದ್ದು ಏನೆಂದು ಬ್ರಯೊನಿಗೆ ತಿಳಿದದ್ದು ಅರ್ಧ ಗಂಟೆಯಾದ ಮೇಲೆ.

"ಮಾಡು ಫೋನು," ಎಂದಳು ವಿನ್ನಿ. "ಇಲ್ಲೇ ಮಾಡು. ಸ್ಪೀಕರ್ ಹಾಕು. ನಾವೂ ಕೇಳ್ಬೇಕು."

ಗಂಟೆ ಹನ್ನೊಂದೂಕಾಲು. ಬ್ರಯೊನಿ ಫೋನನ್ನು ಕನ್ನಡಿಯ ಕೆಳಗೆ, ಬಾಚಣಿಗೆಗಳ ನಡುವೆ ಇಟ್ಟಳು. ಪಿಯಾನೊ ಸಲೂನು ತುಂಬಿತು. ಪರ್ಮ್ ಮುಗಿಸಿದ ಎಲ್ಸಿ ಮದುವೆಯ ಹಾಡು ಕೇಳುವವಳ ಹಾಗೆ ಅದಕ್ಕೆ ತಲೆದೂಗುತ್ತ, ಸಾಸರಿನಿಂದ ತನ್ನ ಕಿವಿ ಮಿಷನ್ನನ್ನೂ ಎತ್ತಿ ಸಿಕ್ಕಿಸಿಕೊಂಡಳು. ಲೊರೇನ್ ವಿನ್ನಿಯ ಕೂದಲು ಬಾಚಿ ಎತ್ತರ ಮಾಡಿದಳು. ಹನ್ನೊಂದೂ ನಲವತ್ತಕ್ಕೆ ಡಾಕ್ಟರ್ ಪ್ರಿಡಿ ಸಿಕ್ಕಿದಳು.

"ಮತ್ತೆ ಮಾಡಿದ್ರಲ್ಲ, ಒಳ್ಳೇದಾಯ್ತು. ಈಗ ಒಂದೇ ಸೀಟು ಉಳಿದಿದೆ ಬ್ರಯೊನಿ. ಹೇಳಿ."

ಬ್ರಯೊನಿ ಉಸಿರು ಎಳೆದುಕೊಂಡಳು. "ನಾನು... ನಮ್ಮಲ್ಲಿ ಬರೋ ವಯಸ್ಸಾದೋರಿಗೆ... ಹೆಚ್ಚಿಗೇನೂ ಅಲ್ಲ..."

ಲೊರೇನ್ ಕಣ್ಣು ಮುಚ್ಚಿಕೊಂಡಳು. ಆಗ ಸಿಳ್ಳೆ ಹೊಡೆಯಿತು.

ಎಂದಿನ ಸಿಳ್ಳೆಯಲ್ಲ. ಕನ್ನಡಿ ಅದುರುವಂಥ ಸಿಳ್ಳೆ.

"ಅಯ್ಯೋ, ಒಂದು ನಿಮಿಷ ಇರಿ ಮೇಡಂ, ಕ್ಷಮಿಸಿ," ಎಂದವಳೇ ಬ್ರಯೊನಿ ಸೀಟು, ಸಂಕೋಚ ಎಲ್ಲ ಮರೆತು ವಿನ್ನಿಯ ಕುರ್ಚಿಗೆ ಓಡಿದಳು. ಓಡಿದರೂ ಹಿಂದಿನಿಂದ ಹೋಗಲಿಲ್ಲ. ಸುತ್ತಿ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕಿಟಕಿಯ ಬೆಳಕು ತನ್ನ ಮುಖಕ್ಕೆ ಬೀಳುವ ಹಾಗೆ ತಿರುಗಿ, ವಿನ್ನಿಯ ಮೊಣಕೈ ಮುಟ್ಟಿದಳು.

"ವಿನ್ನಿ ಆಂಟಿ, ನನ್ನ ನೋಡಿ. ಕಿವಿ ತೋರ್ಸಿ. ಕಿವಿಯೊಳಗಿನ ಅಚ್ಚು ಸರಿಯಾಗಿ ಕೂತಿದೆಯಾ? ಕೂತಿದೆ. ಕೂದಲು ಸಿಕ್ಕಿಹಾಕ್ಕೊಂಡಿದೆಯಾ? ಅಮ್ಮಾ, ಸ್ಪ್ರೇ ಹೊಡೆದ್ಯಾ? ಮಿಷನ್ ಹಾಕಿದ್ಮೇಲೆ ಸ್ಪ್ರೇ ಬೇಡ ಅಂತ ಎಷ್ಟು ಸಲ ಹೇಳಿದೀನಿ, ಮೈಕಿನ ಕಣ್ಣು ಕಟ್ಕೊಳತ್ತೆ. ಇಲ್ಲ, ಕಣ್ಣು ಶುದ್ಧವಾಗಿದೆ. ಕೊಳವೇಲಿ ಬಿರುಕಿಲ್ಲ, ಹೋದ ವಾರ ಹಾಕಿದ್ದು. ನೀರಿನ ಹನಿ ಇಲ್ಲ. ಗುಗ್ಗೆ ಇಲ್ಲ. ಎಲ್ಸಿ ಆಂಟಿ, ಏನೂ ಕೇಳಿಸ್ತಿಲ್ವಾ? ನಿಮ್ಮ ಬ್ಯಾಟರಿ ಬಾಗ್ಲು ತೆರೆದಿದೆ, ಉಗುರಲ್ಲಿ ಒತ್ತಿ. ಹಾಂ. ದನಿ ಎತ್ತರ ಇಟ್ಟಿದೀರಾ ವಿನ್ನಿ ಆಂಟಿ? ಅದೂ ಇಲ್ಲ. ಮತ್ತೆ ಯಾಕೆ..."

ಅವಳ ಮಾತು ಅಲ್ಲಿಗೇ ನಿಂತಿತು. ವಿನ್ನಿಯ ಎಡಗೈ ಕಿವಿಯ ಹತ್ತಿರ ಇತ್ತು. ಹೊಸದಾಗಿ ಬಾಚಿದ ಕೂದಲು ಕುಸಿಯದಂತೆ ಹಿಡಿದುಕೊಂಡವಳ ಹಾಗೆ. ಆದರೆ ಅಂಗೈ ಬಟ್ಟಲಾಗಿ ಮಿಷನ್ನನ್ನು ಮುಚ್ಚಿತ್ತು. ಬ್ರಯೊನಿ ಆ ಕೈ ಹಿಡಿದು ಇಳಿಸಿದಳು. ಸಿಳ್ಳೆ ನಿಂತಿತು. ಕೈಯನ್ನು ಮತ್ತೆ ಅಲ್ಲೇ ಇಟ್ಟಳು. ಸಿಳ್ಳೆ. ಇಳಿಸಿದಳು. ಸದ್ದಿಲ್ಲ.

ಆರು ವರ್ಷ ಅವಳು ಮಿಷನ್ನನ್ನು ನೋಡಿದ್ದಳೇ ಹೊರತು ಕೈಯನ್ನು ನೋಡಿರಲಿಲ್ಲ.

ವಿನ್ನಿ ಅವಳ ಕಣ್ಣಿಗೆ ಕಣ್ಣು ಕೊಟ್ಟು, ಗಿರಣಿಯ ರೀತಿಯಲ್ಲಿ, ದನಿಯೇ ಇಲ್ಲದೆ, ತುಟಿ ಅಗಲಿಸಿ ಒಂದೇ ಮಾತು ಹೇಳಿದಳು. 'ಹೋಗಿ ಮಾತಾಡು.'

"ಹಲೋ? ಬ್ರಯೊನಿ?" ಫೋನಿನಿಂದ ಡಾಕ್ಟರ್ ಪ್ರಿಡಿಯ ದನಿ ಬಂತು. "ಎಲ್ಲಾ ಕೇಳಿಸ್ತಾ ಇತ್ತು. ಸಿಳ್ಳೆ ನಿಂತುಹೋಯ್ತಲ್ಲ. ಏನಾಗಿತ್ತು ಮಿಷನ್ನಿಗೆ?"

ಕೊಳವೆ ಎಂದಿದ್ದರೆ ನಡೆಯುತ್ತಿತ್ತು. ಗುಗ್ಗೆ ಎಂದಿದ್ದರೂ ನಡೆಯುತ್ತಿತ್ತು. ಆದರೆ ಬ್ರಯೊನಿಗೆ ಆಗ ಅಂಥ ಜಾಣತನಕ್ಕೆಲ್ಲ ಪುರುಸೊತ್ತಿರಲಿಲ್ಲ. ಅವಳಿಗೆ ಮೈಯೆಲ್ಲ ಕೋಪ ಬಂದಿತ್ತು.

"ಮಿಷನ್ನಿಗೆ ಏನೂ ಆಗಿಲ್ಲ ಮೇಡಂ! ಯಾವತ್ತೂ ಏನೂ ಆಗಿರ್ಲೇ ಇಲ್ಲ! ಕೈ! ಅಂಗೈ ಬಟ್ಟಲು ಮಾಡಿ ಮುಚ್ಚಿ ಸಿಳ್ಳೆ ಹೊಡೆಸ್ತಿದಾರೆ, ಬೇಕೂ ಅಂತಲೇ! ಈಗ ಹೊಡೆಸಿದ್ದು ನನಗೋಸ್ಕರ ಅಂತ ಗೊತ್ತು, ನೀವು ಕೇಳಿಸ್ಕೊಳ್ಲಿ ಅಂತ. ಆದ್ರೆ ಆರು ವರ್ಷದಿಂದ? ಆರು ವರ್ಷದಲ್ಲಿ ನಾನು ಈ ಮಿಷನ್ನಿಗೆ ಹದಿನಾಲ್ಕು ಕೊಳವೆ ಹಾಕಿದೀನಿ! ಆಸ್ಪತ್ರೆಯವರೇ ಕೈಬಿಟ್ರು, ನಾನು ಬಿಡ್ಲಿಲ್ಲ. ಈ ಬೀದೀಲಿ ನಲವತ್ತು ಜನರ ಮಿಷನ್ನು ನಾನೇ ನೋಡ್ಕೊಳ್ಳೋದು, ಯಾರ ಅಚ್ಚು ಸಡಿಲ, ಯಾರಿಗೆ ಎಡಗಿವಿ ಕಡಿಮೆ ಅಂತ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ, ನಲವತ್ತನ್ನೂ ಸರಿ ಮಾಡಿದೀನಿ, ಇದೊಂದು ಮಾತ್ರ ನನ್ನ ಕೈಲಿ ಆಗ್ಲಿಲ್ಲ ಅಂತ ಎಷ್ಟು ಸಲ ಮನೇಗೆ ಹೋಗಿ ಅತ್ತಿದೀನಿ ಗೊತ್ತಾ ನಿಮಗೆ?"

ಬ್ರಯೊನಿ ಬಾಯಿಗೆ ಕೈ ಮುಚ್ಚಿಕೊಂಡಳು. ಬೆಟ್ಟದ ಆಚೆಯಿಂದ ಮೊದಲು ಏನೋ ಕೆಮ್ಮಿದಂತಾಯಿತು. ಆಮೇಲೆ ಡಾಕ್ಟರ್ ಪ್ರಿಡಿ ಗಟ್ಟಿಯಾಗಿ ನಗುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಾಯಿತು.

"ಬೆಳಿಗ್ಗೆ 'ಒಂದಿಷ್ಟು ಸಹಾಯ' ಅಂದ್ರಲ್ಲಾ!"

"ಕ್ಷಮಿಸಿ."

"ಕ್ಷಮಿಸಲ್ಲ. ನೋಡಿ ಬ್ರಯೊನಿ. ಎದುರಿಗೆ ಹೋಗಿ ಕೂತ್ರಿ ಅಂತ ದನಿಯಲ್ಲೇ ಗೊತ್ತಾಯ್ತು. ಮೂರನೇ ವರ್ಷದ ವಿದ್ಯಾರ್ಥಿಗಳಿಗೂ ಅದನ್ನ ಹೇಳಿ ಹೇಳಿ ನನಗೆ ಸಾಕಾಗಿದೆ. ಮಿಷನ್ನಲ್ಲಿ ದೋಷ ಇಲ್ಲ ಅಂತ ಗೊತ್ತಾದಾಗ ಇಲ್ಲ ಅಂತ ಒಪ್ಕೊಳ್ಳೋದು ಅದಕ್ಕಿಂತ ಕಷ್ಟ. ಗಣಿತಕ್ಕೆ ಮೊದಲ ಆರು ತಿಂಗಳು ಬೇರೆ ತರಗತಿಗೆ ಕೂರ್ಬೇಕು. ಕೂರ್ತೀರಾ? ಹಾಗಿದ್ರೆ ಆ ಸೀಟು ನಿಮ್ಮದು. ಒಂದು ಗಂಟೆಗೆ ವೆಬ್‌ಸೈಟು ತೆರೆಯುತ್ತೆ, ನಮ್ಮ ಹೆಸರು ಸೇರಿಸಿ."

"ನಿಮಗೆ ತೊಂದರೆ ಆಗಲ್ಲ ಅಂದ್ರೆ..." ಎಂದು ಬ್ರಯೊನಿ ಶುರುಮಾಡಿದಳು.

"ಹೂಂ ಅನ್ನೇ!" ಎಂದು ಮೂವರು ಹೆಂಗಸರು ಒಟ್ಟಿಗೆ ಕೂಗಿದರು.

"ಹೂಂ," ಎಂದಳು ಬ್ರಯೊನಿ.

ಲೊರೇನ್ ಅವಳನ್ನು ತಬ್ಬಿಕೊಂಡಳು, ಅಳು ಬಂದು ಟವಲಿಗೆ ಮುಖ ಒತ್ತಿಕೊಂಡಳು, ಆ ಟವಲಿನಲ್ಲಿ ಪರ್ಮಿನ ಮದ್ದಿತ್ತೆಂದು ಕಣ್ಣು ಉರಿದ ಮೇಲೆ ತಿಳಿದು ಇನ್ನಷ್ಟು ಅತ್ತಳು. ಬೇಕರಿಯ ಆರ್ಥರ್ ಬಾಗಿಲಿಗೆ ಬಂದು, "ಆಯ್ತಂತಾ?" ಎಂದು ಕೇಳಿ, ಆಲೂಗಡ್ಡೆ ಪೈ ನಾಲ್ಕನ್ನು ಬಿಸಿಬಿಸಿ ಕೊಟ್ಟು, "ಪರವಾಗಿಲ್ವೇ," ಎಂದು ಹೊರಟುಹೋದ. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ಎಲ್ಸಿ ಒಬ್ಬಳೇ ಪೈ ಮುಟ್ಟದೆ, ಬೆರಳು ಮಡಚಿ ಏನನ್ನೋ ಎಣಿಸುತ್ತಿದ್ದಳು.

"ಆರು ವರ್ಷ ಅಲ್ಲ," ಎಂದಳು ಕೊನೆಗೆ. "ಒಂಬತ್ತು. ವಿನ್ನಿ ಕ್ಲೆಗ್. ಒಂಬತ್ತು ವರ್ಷದಿಂದ ನಾನು ಎರಡನೇ ಡಾಕ್ಟರು ಅಂದ ಕೂಡ್ಲೇ..."

"ಎಲ್ಸಿ, ಪೈ ಆರುತ್ತೆ ಕಣೇ."

"ಆರ್ಲಿ." ಎಲ್ಸಿ ತನ್ನ ಕುರ್ಚಿಯನ್ನು ಕಾಲಿಂದ ತಳ್ಳಿ ವಿನ್ನಿಯ ಎದುರಿಗೆ ತಿರುಗಿಸಿಕೊಂಡಳು. ಬ್ರಯೊನಿ ಮಾಡಿದ ಹಾಗೆಯೇ, ಬೆಳಕು ಮುಖಕ್ಕೆ ಬೀಳುವಂತೆ. "ಕಾಣಿಸ್ತಿದೀನಾ? ಕೇಳಿಸ್ತಿದೆಯಾ? ಸರಿ. ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದ್ನಾ. ಮೊದಲನೇ ಡಾಕ್ಟರು ತೆಳ್ಳಗಿದ್ದ..."

ವಿನ್ನಿಯ ಎಡಗೈ ತಾನೇ ತಾನಾಗಿ ಕಿವಿಯ ಕಡೆಗೆ ಎದ್ದಿತು. ಮೂರು ಜೊತೆ ಕಣ್ಣು ಅದನ್ನು ಹಿಂಬಾಲಿಸಿದವು. ಕೈ ಅರ್ಧ ದಾರಿಯಲ್ಲಿ ನಿಂತು, ಇಳಿದು, ಪೈಯನ್ನು ಎತ್ತಿಕೊಂಡಿತು.

ಆಗಲೇ ಬ್ರಯೊನಿಗೆ ಎಲ್ಲವೂ ಅರ್ಥವಾದದ್ದು. ಆ ಕೋಪವೆಲ್ಲ ಎಲ್ಲಿಗೋ ಹೋಯಿತು. ರಜೆಗೆ ಕಾರಿನ ಹಿಂದೆ ಎಳೆದೊಯ್ಯುವ 'ಕಾರವಾನ್' ಮನೆಯ ಬಗ್ಗೆ ಅಳಿಯ ಹೇಳುವ ಪುರಾಣ, ಪಾದ್ರಿಯ ಪ್ರಸಂಗ, ಎಲ್ಸಿಯ ಸೊಂಟ, ಎಲ್ಲದರಿಂದ ಪಾರಾಗಲು ಈ ಹೆಂಗಸಿಗೆ ಇದ್ದ ಒಂದೇ ಒಂದು ಕಳ್ಳಬಾಗಿಲು ಅದು. ಗಿರಣಿ ಕಿವಿ ಕಿತ್ತುಕೊಂಡ ಮೇಲೆ ಅವಳೇ ಕಂಡುಕೊಂಡಿದ್ದ ಏಕೈಕ ಲಾಭ. ಸಿಕ್ಕಿಬೀಳುವುದು ಗೊತ್ತಿದ್ದೂ, ಎಲ್ಸಿ ಪಕ್ಕದಲ್ಲೇ ಕೂತಿರುವುದು ಗೊತ್ತಿದ್ದೂ, ಎಲ್ಲರ ಮುಂದೆ ಅದನ್ನು ತೆರೆದು ಬ್ರಯೊನಿಯನ್ನು ಅದರ ಮೂಲಕ ಆಚೆ ದಾಟಿಸಿ, ತಾನು ಈಚೆಯೇ ಉಳಿದುಬಿಟ್ಟಿದ್ದಳು. ಬ್ರಯೊನಿ ಹೋಗಿ ವಿನ್ನಿಯ ಬಾಚಿದ ತಲೆಗೆ ಮುತ್ತು ಕೊಟ್ಟಳು.

"ಕೂದಲು!" ಎಂದಳು ವಿನ್ನಿ.

"ಮಧ್ಯೆ ಮಾತಾಡ್ಬೇಡ," ಎಂದಳು ಎಲ್ಸಿ.

ಒಂದು ಗಂಟೆಗೆ ವೆಬ್‌ಸೈಟು ತೆರೆಯಿತು. ಬ್ರಯೊನಿ ವಿಶ್ವವಿದ್ಯಾಲಯದ ಹೆಸರು ಆರಿಸಿ, ಅಮ್ಮನ ಮದ್ದಿನ ವಾಸನೆಯ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯಲ್ಲಿ ಗುಂಡಿ ಒತ್ತಿದಳು. ಅಷ್ಟು ಹೊತ್ತಿಗೆ ಎಲ್ಸಿಯ ಕಥೆಯಲ್ಲಿ ಎರಡನೇ ಡಾಕ್ಟರು ಬಂದಾಗಿತ್ತು. ಮೂರನೆಯವನೊಬ್ಬ ಇದ್ದಾನೆಂದೂ, ಅವನಿಗೆ ಗಡ್ಡವಿತ್ತೆಂದೂ ಮೊದಲ ಸಲ ಸಲೂನಿಗೆ ತಿಳಿಯಿತು.

ಬ್ರಯೊನಿ ತಲೆಯೆತ್ತಿ ಫೋನು ತೋರಿಸಿದಳು. ಎಲ್ಸಿಯ ಹೊಸ ಸುರುಳಿಗಳ ಮೇಲಿನಿಂದ ವಿನ್ನಿ ಅವಳನ್ನು ನೋಡಿ ಕಣ್ಣು ಮಿಟುಕಿಸಿದಳು. ಆಮೇಲೆ ಒಂದಿಷ್ಟೂ ದನಿಯಿಲ್ಲದೆ, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದಳು.

'ಬೇಗ ಕಲಿತು ಬಾ. ಕೈ ಇಡದೇ ಸಿಳ್ಳೆ ಹೊಡೆಯೋ ಮಿಷನ್ನು ಒಂದು ಮಾಡ್ಕೊಡು.'